ಕಾಕಾ ಅವರಿಗೆ ಹಿಡಿಸದ ಸಲಹೆ

ಮದುವೆಯಾಗಿ ಬನಹಟ್ಟಿಗೆ ಬಂದ ಮೇಲೆ ಬಹಳ ವರ್ಷ ನಾನು ಮ್ಯೂಚುವಲ್ ಫಂಡ್ ಮಾರುತ್ತಿದ್ದೆ. ಮನೆಯ ಹಿಂದೆ ಗಂಡನ ಪವರ್‌ಲೂಮ್‌ಗಳು, ಮುಂದಿನ ಕೋಣೆಯಲ್ಲಿ ನನ್ನ ಮೇಜು. ಮಗ್ಗದ ಸದ್ದಿಗಿಂತ ಗಟ್ಟಿಯಾಗಿ ಮಾತಾಡಿ ರೂಢಿಯಾಗಿ, ಪರ ಊರಿಗೆ ಹೋದರೂ ನನ್ನ ದನಿ ತಗ್ಗುತ್ತಿರಲಿಲ್ಲ. ಫಂಡ್ ಕಂಪನಿಯವರು ಕಮಿಷನ್ ಕೊಡುತ್ತಿದ್ದರು. ಗಿರಾಕಿಗೆ ಸಲಹೆ ಪುಕ್ಕಟೆ.

ಆಮೇಲೆ ಮಾರುಕಟ್ಟೆ ನಿಯಂತ್ರಕರ ಹೊಸ ನಿಯಮ ಬಂತು. ಹೂಡಿಕೆ ಸಲಹೆಗಾರರೆಂದು ಬೋರ್ಡು ಹಾಕಬೇಕಾದರೆ ಪರೀಕ್ಷೆ ಪಾಸಾಗಿ ನೋಂದಣಿ ಮಾಡಿಸಬೇಕು. ಫೀ ಗಿರಾಕಿಯಿಂದ ಮಾತ್ರ, ಕಮಿಷನ್ ಬಿಡಬೇಕು.

“ಬನಹಟ್ಟ್ಯಾಗ ಬರೇ ಮಾತಿಗೆ ರೊಕ್ಕ ಯಾರ ಕೊಡ್ತಾರ?” ಎಂದು ನಮ್ಮವರು ನಕ್ಕರು. ಅವರ ಮಾತು ಸುಳ್ಳಲ್ಲ. ಆದರೂ ಬಿ.ಕಾಂ. ಮುಗಿದ ಮೇಲೆ ಪುಸ್ತಕ ಹಿಡಿಯದ ನನಗೆ ಮತ್ತೆ ಓದುವ ಆಸೆ ಹುಟ್ಟಿತ್ತು.

ಓದಿಗೆ ಜೊತೆಯಾದವರು ಜಮಖಂಡಿಯ ಕಾಕಾ. ನಮ್ಮಪ್ಪನ ಗೆಳೆಯರು, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. “ಮನ್ಯಾಗ ಖಾಲಿ ಕುಂತ ಏನ ಮಾಡ್ಲಿ, ನಾನೂ ಪರೀಕ್ಷಾ ಬರೀತೇನಿ” ಎಂದರು. ಭಾನುವಾರ ನಾನು ಬಸ್ಸು ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಬಡ್ಡಿದರ ಏರಿದರೆ ಹಳೆಯ ಬಾಂಡಿನ ಬೆಲೆ ಏಕೆ ಇಳಿಯುತ್ತದೆ ಎಂಬುದು ನನಗೆ ಹೊಳೆಯುತ್ತಲೇ ಇರಲಿಲ್ಲ.

“ಹೊಸಾ ಬಾಂಡು ಒಂಬತ್ತ ಕೊಡಾಕತ್ತಾಗ ನಿನ್ನ ಏಳರ ಬಾಂಡು ಪೂರಾ ರೇಟಿಗೆ ಯಾರ ತಗೋತಾರವಾ? ನೀ ರೇಟ್ ಇಳಿಸಬೇಕು” ಎಂದರು ಕಾಕಾ. ಅಷ್ಟೇ. ಮತ್ತೆ ಮರೆಯಲಿಲ್ಲ.

ಹುಬ್ಬಳ್ಳಿಯಲ್ಲಿ ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷೆ ಬರೆದೆವು. ಇಬ್ಬರೂ ಪಾಸು; ಕಾಕಾ ಅವರಿಗೆ ನನಗಿಂತ ಹೆಚ್ಚು ಅಂಕ. ನಾನು ನೋಂದಣಿ ಮಾಡಿಸಿದೆ. ಅವರು ಮಾಡಿಸಲಿಲ್ಲ, ಬದಲಿಗೆ ನನ್ನ ಮೊದಲ ಗಿರಾಕಿಯಾಗಿ ಬಂದು ಕುಳಿತರು.

ಅವರ ಹಿರಿಯರ ಹೊಲ ಗಲಗಲಿಯಲ್ಲಿ, ಕೃಷ್ಣೆಯ ದಂಡೆಗೆ ಇತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಪರಿಹಾರದ ಹಣವನ್ನು ಅವರು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರು. ಎರಡು ವರ್ಷದಲ್ಲಿ ಎಲ್ಲಾದರೂ ಅಷ್ಟೇ ಹೊಲ ಕೊಳ್ಳಬೇಕೆಂಬುದು ಅವರ ಹಟ. ಆ ಹಣಕ್ಕೆ ಈಗ ಅರ್ಧ ಹೊಲವೂ ಬರುತ್ತಿರಲಿಲ್ಲ.

“ಬ್ಯಾಂಕಿನ ಬಡ್ಡಿ ನಡಕೋತ ಹೊಂಟೈತಿ, ಹೊಲದ ರೇಟ್ ಓಡಾಕತ್ತೈತಿ. ಎಲ್ಲಾ ತಗದು ಷೇರಿನ ಫಂಡಿಗೆ ಹಾಕ್ತೇನಿ. ಯಾವುದು ಛಲೋ ಹೇಳು.”

ಸಲಹೆ ಕೊಡುವ ಮೊದಲು ಗಿರಾಕಿಗೆ ಎಷ್ಟು ನಷ್ಟ ತಡೆಯುವ ಶಕ್ತಿಯಿದೆ, ಹಣ ಯಾವಾಗ ಬೇಕು ಎಂದು ಕೇಳಬೇಕೆಂಬುದು ನಿಯಮ. ಕೇಳಿದೆ.

“ಮಾರ್ಕೆಟ್ ಬಿದ್ದು ಕಾಲು ಭಾಗ ಹೋದ್ರ ಏನ ಮಾಡ್ತೀರಿ, ಕಾಕಾ?”

“ಅದು ಅಪ್ಪನ ಹೊಲದ ರೊಕ್ಕ. ಹೆಂಗ ಹೋಗಾಕ ಬಿಡ್ಲಿ?”

“ಹಂಗಿದ್ರ ಷೇರಿನಾಗ ಹಾಕ್ರಿ ಅಂತ ನಾ ಹೇಳಂಗಿಲ್ರಿ. ಎರಡ ವರ್ಷದಾಗ ಬೇಕಾಗೋ ರೊಕ್ಕ ಇದು.”

ಅವರ ಮುಖ ಕೆಂಪಾಯಿತು. “ನಾ ಕಲಿಸಿದ್ದ ನನಗ ಹೇಳ್ತಿಯೇನವಾ?” ಎಂದು ಎದ್ದು ಹೋದರು. ಅಪ್ಪ ಇದ್ದಿದ್ದರೆ ನನ್ನನ್ನೇ ಬೈಯುತ್ತಿದ್ದರು.

ಕಾಕಾ ತಾವೇ ಅರ್ಜಿ ತುಂಬಿ ಫಂಡಿಗೆ ಹಾಕಿದರು. ಆ ವರ್ಷ ಮಾರುಕಟ್ಟೆ ಏರಿತು. ಮದುವೆಯೊಂದರಲ್ಲಿ ಸಿಕ್ಕಾಗ, “ನಿನ್ನ ಮಾತ ಕೇಳಿದ್ರ ನಾ ಕೆಡ್ತಿದ್ನಿ ನೋಡು” ಎಂದು ನಾಲ್ಕು ಮಂದಿಯ ಎದುರು ಹೇಳಿದರು. ಏರಿದ್ದು ಖರೆ. ಆದರೆ ನಾನು ಹೇಳಿದ್ದು ತಪ್ಪೆಂದು ಆಗಲೂ ಅನಿಸಲಿಲ್ಲ, ಈಗಲೂ ಇಲ್ಲ.

ಕೆಲವು ತಿಂಗಳ ನಂತರ ಕಾಕಾ ಅವರ ಹೆಂಡತಿ, ನಮ್ಮ ಕಾಕೂ, ಫೋನ್ ಮಾಡಿದರು. “ಮಾರ್ಕೆಟ್ ಇಳಿಯಾಕತ್ತೈತಂತ, ನಿಮ್ಮ ಕಾಕಾ ಸರಿ ಉಣ್ಣಾಕತ್ತಿಲ್ಲವಾ. ಬಂದು ಹೋಗು.”

ಹೋದಾಗ ಕಾಕಾ ಟಿವಿಯ ಮುಂದೆ ಕುಳಿತಿದ್ದರು. ಕೆಳಗೆ ಹರಿಯುವ ಅಂಕಿಗಳ ಮೇಲಿಂದ ಕಣ್ಣು ತೆಗೆಯದೆ ಮಾತಾಡಿದರು. ಬಂದಿದ್ದ ಲಾಭ ಬಹುತೇಕ ಕರಗಿತ್ತು. ಅಸಲು ಇನ್ನೂ ಉಳಿದಿತ್ತು.

“ಈಗ ತಗೀಲೋ, ತಡೀಲೋ?”

“ಮಾರ್ಕೆಟ್ ನಾಳೆ ಏನ ಮಾಡ್ತೈತಿ, ನನಗ ಗೊತ್ತಿಲ್ರಿ ಕಾಕಾ. ನಿಮಗ ಈಗ ಹೊಲ ಬೇಕೋ, ಬ್ಯಾಡೋ?”

ಕಾಕೂ ಬಾಗಿಲಲ್ಲಿ ನಿಂತೇ ಹೇಳಿದರು: “ಬೇಕು. ಸಣ್ಣದಾದ್ರೂ ನಡೀತೈತಿ. ಅಪ್ಪನ ಹೊಲದಷ್ಟ ಬೇಕಂತ ಯಾರ ಕೇಳ್ಯಾರ ನಿಮಗ?”

ಕಾಕಾ ಟಿವಿ ಬಂದ್ ಮಾಡಿದರು. ಆ ವಾರವೇ ಹಣ ತೆಗೆದರು. ಮುಂದೆ ಮಾರುಕಟ್ಟೆ ಮತ್ತೆ ಚೇತರಿಸಿಕೊಂಡಿತು; ಅದನ್ನು ಅವರು ಒಮ್ಮೆಯೂ ನನ್ನೆದುರು ಎತ್ತಲಿಲ್ಲ.

ಚಿಮ್ಮಡದ ಹತ್ತಿರ ಸಿಕ್ಕಿದ ಹೊಲ ತೀರ ಸಣ್ಣದು, ಎರೆಮಣ್ಣು. ಎಳ್ಳ ಅಮಾವಾಸ್ಯೆಗೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ನಮ್ಮನ್ನೂ ಕರೆದರು. ಗಲಗಲಿಯ ಹೊಲ ಹೋದ ಮೇಲೆ ಕಾಕೂ ಆ ಹಬ್ಬವನ್ನೇ ಮಾಡಿರಲಿಲ್ಲವಂತೆ. ಜೋಳದ ಸಾಲಿನ ನಡುವೆ ಅನ್ನ, ಕಡುಬು ಎರಚುತ್ತ ಅವರು ಮುಂದೆ ನಡೆದರು; ಕಾಕಾ ತಂಬಿಗೆ ಹಿಡಿದು ಹಿಂದೆ ನೀರು ಚಿಮುಕಿಸುತ್ತ ಹೋದರು. ಬದುವಿನ ಮೇಲೆ ಊಟಕ್ಕೆ ಕುಳಿತಾಗ ನನ್ನ ಗಂಡನಿಗೆ ಕಾಕಾ ಹೇಳಿದರು: “ನಿನ್ನ ಹೆಂಡ್ತಿ ಭಾಳ ಗಟ್ಟಿ ಮಾತಾಡ್ತಾಳ. ಆದ್ರ ರೊಕ್ಕದ ಮಾತ ಇದ್ರ ಆಕೀನ್ನ ಕೇಳು.”

ನಮ್ಮವರು ಮಾದಲಿಗೆ ತುಪ್ಪ ಹಾಕಿಸಿಕೊಳ್ಳುತ್ತ, “ಕೇಳ್ತೇನ್ರಿ, ಆದ್ರ ಆಕೀ ಫೀ ಹೆಚ್ಚೈತಿ” ಎಂದರು.