ಗುರುತಿನ ಚೂರು

ನಾನು ಚಿಕ್ಕವನಿದ್ದಾಗ ಒಂದು ಚಹಾದ ಕಪ್ಪು ಒಡೆದೆ. ಒಡೆದವನು ನಾನೇ ಎಂದು ಆಗ ಯಾರಿಗೂ ಹೇಳಲಿಲ್ಲ. ಅದರಿಂದ ನನ್ನ ಅಕ್ಕ, ನೀವು ದೊಡ್ಡಾಯಿ ಎಂದು ಕರೆಯುವ ಅದೇ ಅಕ್ಕ, ಮಾಡದ ಕಳವಿಗೆ ಕಳ್ಳಿ ಅನ್ನಿಸಿಕೊಂಡಳು. ನಾನು ಓದಿದ್ದು ನಾಲ್ಕನೇ ಇಯತ್ತೆ. ಚೆಂದ ಮಾಡಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿಕೊಳ್ಳಿ ಮಕ್ಕಳೇ.

ಆಗ ನಾವು ಅಳ್ನಾವರದಲ್ಲಿದ್ದೆವು. ಅಪ್ಪ ಅಲ್ಲಿಯ ಸ್ಟೇಷನ್ನಿನ ಚಹಾದ ಖೋಲಿಯಲ್ಲಿ ಕೆಲಸಕ್ಕಿದ್ದ. ನಮ್ಮ ಮನೆ ಹಳಿಯ ಬದಿಗೇ ಇತ್ತು. ಕಲ್ಲಿದ್ದಲ ಹೊಗೆ, ಗಾಡಿಗೆ ಹೇರಿದ ತೇಗದ ದಿಮ್ಮಿಗಳ ಹಸಿ ವಾಸನೆ, ಅಪ್ಪನ ಅಂಗಿಯಿಂದ ಬರುವ ಶುಂಠಿ ಚಹಾದ ಘಮ, ಈ ಮೂರೂ ಸೇರಿದರೆ ನಮಗೆ ಮನೆ. ಖೋಲಿಯ ಕಪ್ಪು-ಬಸಿಗಳು ದಪ್ಪ ಬಿಳಿ ಪಿಂಗಾಣಿಯವು. ಅಂಚಿಗೆ ನೀಲಿ ಗೆರೆ, ಹೊಟ್ಟೆಯ ಮೇಲೆ ಹಳೆಯ ರೈಲು ಕಂಪನಿಯ ಇಂಗ್ಲಿಷ್ ಅಕ್ಷರಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಕಂಪನಿ ಬ್ರಿಟಿಷರ ಜೊತೆಗೇ ಹೋಗಿತ್ತು, ಕಪ್ಪುಗಳು ಮಾತ್ರ ಉಳಿದಿದ್ದವು.

ಅವುಗಳಿಗೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಕಪ್ಪು ಒಡೆದರೆ ಆ ಅಕ್ಷರಗಳಿರುವ ಚೂರನ್ನು ಎತ್ತಿಟ್ಟು ಮೇಲಿನವರಿಗೆ ತೋರಿಸಬೇಕು. ಚೂರು ತೋರಿಸಿದರೆ ‘ಒಡೆದಿದೆ’ ಎಂದು ಬಿಟ್ಟುಬಿಡುತ್ತಿದ್ದರು. ಚೂರಿಲ್ಲದಿದ್ದರೆ ಕಳವು.

ಒಂದು ದಿನ ಸಂಜೆ ದೊಡ್ಡ ಸಾಹೇಬರ ಸಲೂನು, ಅಂದರೆ ಅವರೊಬ್ಬರಿಗೇ ಇರುವ ರೈಲು ಡಬ್ಬಿ, ಬರುವುದಿತ್ತು. ಖೋಲಿಯಲ್ಲಿ ತೊಳೆಯುವವನು ಜ್ವರ ಬಂದು ಮಲಗಿದ್ದ. ಅಪ್ಪ ಹನ್ನೆರಡು ಕಪ್ಪು-ಬಸಿಗಳನ್ನು ಬುಟ್ಟಿಯಲ್ಲಿ ಮನೆಗೇ ತಂದು ಅಕ್ಕನ ಮುಂದಿಟ್ಟ. ಅಕ್ಕನಿಗೆ ಆಗ ಹನ್ನೆರಡು ವರ್ಷ, ನನಗೆ ಎಂಟು.

“ಇಕಿ ಕೈಯಾಗಿಂದ ಒಂದೂ ಜಾರೂದಿಲ್ಲ. ಸಂಜಿಕೆ ಟ್ರೇ ನೀನ ಹಿಡಕೊಂಡು ಸಲೂನಿನ್ಯಾಗ ಹೋಗುವಂತಿ, ಮಗಳ” ಎಂದ.

ಸಲೂನಿನೊಳಗೆ ಮಂಚ, ಕನ್ನಡಿ, ಫ್ಯಾನು ಇರುತ್ತವೆ ಎಂದು ಕೇಳಿದ್ದೆವಷ್ಟೆ. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹುಣಸೆಹಣ್ಣು, ಸೋಸಿದ ಬೂದಿ ಹಚ್ಚಿ ಕಪ್ಪುಗಳನ್ನು ಹೊಳೆಯುವಂತೆ ತೊಳೆದು, ಹಳೆಯ ಧೋತರದ ಮೇಲೆ ಬೋರಲು ಹಾಕಿದಳು. ತಂಬಿಗೆಯಲ್ಲಿ ಕೆಂಡ ತುಂಬಿ ಲಂಗಕ್ಕೆ ಇಸ್ತ್ರಿ ಮಾಡಿಕೊಂಡಳು. ಆಮೇಲೆ ಹೆರಳು ಹಾಕಿಸಿಕೊಳ್ಳಲು ಬಾಜು ಮನೆಗೆ ಓಡಿದಳು.

ಅಪ್ಪ ಸೀಳು ಬಿಟ್ಟ ಕಪ್ಪನ್ನು ಹೇಗೆ ಕಂಡುಹಿಡಿಯುತ್ತಾನೆಂದು ನಾನು ನೋಡಿದ್ದೆ. ಎರಡು ಕಪ್ಪು ಎತ್ತಿ ಅಂಚಿಗೆ ಅಂಚು ಮುಟ್ಟಿಸುತ್ತಿದ್ದ. ಒಳ್ಳೆಯದಾದರೆ ಗಂಟೆಯಂತೆ ನಾದ ಬರುತ್ತಿತ್ತು. ನಾನೂ ಮುಟ್ಟಿಸಿದೆ. ನಾದ ಬಂತು. ಇನ್ನೊಮ್ಮೆ ಜೋರಾಗಿ ಮುಟ್ಟಿಸಿದೆ. ಒಂದು ಕಪ್ಪು ಕೈಜಾರಿ ಕಲ್ಲಿನ ಮೇಲೆ ಬಿತ್ತು.

ಹೆದರಿಕೆಗೆ ಬುದ್ಧಿ ಎಲ್ಲಿಂದ ಬರಬೇಕು? ಒಂದು ಚೂರೂ ಬಿಡದೆ ಅಂಗಿಯಲ್ಲಿ ಬಳಿದುಕೊಂಡು ಹಿತ್ತಲಿಗೆ ಓಡಿದೆ. ದಿಮ್ಮಿ ಹೇರಿದ ಗೂಡ್ಸ್ ಗಾಡಿ ನಿಂತಿತ್ತು. ದಿಮ್ಮಿಗಳ ಸಂದಿಗೆ ಎಲ್ಲವನ್ನೂ ಸುರಿದೆ. ಗಾಡಿ ಸಿಳ್ಳೆ ಹಾಕಿ ಹೊರಟ ಮೇಲೆ ಅಕ್ಷರದ ಚೂರಿನ ನೆನಪಾಯಿತು. ಅದನ್ನೊಂದು ಇಟ್ಟುಕೊಂಡಿದ್ದರೆ ಸಾಕಾಗಿತ್ತು! ಈಗ ನೆನೆದರೂ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಅಕ್ಕ ಮರಳಿದ ಮೇಲೆ ಅಪ್ಪ ಬಂದು ಎಣಿಸಿದ. ಬಸಿ ಹನ್ನೆರಡು, ಕಪ್ಪು ಹನ್ನೊಂದು.

“ಚೂರು ಎಲ್ಲೈತಿ?”

“ಯಾವ ಚೂರಪ್ಪಾ? ನಾ ಒಡದಿಲ್ಲ” ಎಂದಳು ಅಕ್ಕ.

“ಒಡದಿಲ್ಲ ಅಂದ್ರ ಎಲ್ಲಿ ಹೋತು? ಅದಕ್ಕೇನು ಕಾಲು ಬಂದುವೇನು?”

ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಇರುವೆಗಳನ್ನು ನೋಡಿದೆ.

“ನನ್ನ ಹೊಟ್ಟಿಗೆ ಕಳ್ಳಿ ಹುಟ್ಟಿದಿ” ಎಂದು ಅಪ್ಪ ಬುಟ್ಟಿ ಎತ್ತಿಕೊಂಡು ಹೋದ.

ಸಲೂನು ಬಂತು, ಹೋಯಿತು. ಅಕ್ಕ ಇಸ್ತ್ರಿ ಮಾಡಿದ ಲಂಗದಲ್ಲಿ ಹೊಸ್ತಿಲ ಮೇಲೆ ಕುಳಿತೇ ಇದ್ದಳು. ಅಪ್ಪ ಮತ್ತೆಂದೂ ಅವಳನ್ನು ಖೋಲಿಯೊಳಗೆ ಬಿಡಲಿಲ್ಲ. ಓಣಿಯ ಹುಡುಗರು “ಬಸಿ ಐತಿ, ಕಪ್ಪು ಎಲ್ಲೈತಬೇ?” ಎಂದು ಕಾಡುತ್ತಿದ್ದರು. ಅವರ ಜೊತೆ ನಾನೂ ಒಮ್ಮೆ ನಕ್ಕಿದ್ದೇನೆ. ಅಪ್ಪ ಸಾಯುವವರೆಗೂ ಅದೇ ತಿಳಿವಳಿಕೆಯಲ್ಲಿದ್ದ.

ಹೋದ ವಾರ ಕುಬಿಹಾಳದಲ್ಲಿ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವಲ್ಲ, ಆಗ ನೀವು ಮೊಬೈಲಿನಲ್ಲಿ ತರಿಸಿದ್ದ ಒಂದು ಡಬ್ಬಿ ಬಿಚ್ಚಿದಿರಿ. ಹಳೆಯ ರೈಲ್ವೆ ಕಪ್ಪು-ಬಸಿಯ ಹಾಗೆಯೇ ಹೊಸದಾಗಿ ಮಾಡಿದ್ದು. ಅದೇ ನೀಲಿ ಗೆರೆ, ಅವೇ ಅಕ್ಷರ. ಮೊಮ್ಮಗಳು ಒಳಗಿದ್ದ ಚೀಟಿ ಓದಿದಳು: ಆ ಕಾಲದ ವೈಭವ, ಸಾಹೇಬರ ಪ್ರಯಾಣ, ಪರಂಪರೆ. ನನಗೆ ಮೈಯೆಲ್ಲ ಉರಿಯಿತು. ಕುಡಿದವರ ಸುದ್ದಿಯೇ ಎಲ್ಲ, ತೊಳೆದವರ ಬಗ್ಗೆ ಒಂದು ಅಕ್ಷರವಿಲ್ಲ. ಕಪ್ಪೋ, ಹಗುರ. ಅಂಚಿಗೆ ಅಂಚು ಮುಟ್ಟಿಸಿದರೆ ಟಪ್ ಎನ್ನುತ್ತದೆ.

ಅಕ್ಕ ಒಂದು ಸಲ ನೋಡಿ, ಕಪ್ಪನ್ನು ಆಚೆ ಸರಿಸಿ, “ನನಗ ಸ್ಟೀಲಿನ ಲೋಟಾದಾಗ ಹಾಕ್ರಿ” ಎಂದಳು.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಹಾಲು ಉಕ್ಕಿತೆಂದು ಅಕ್ಕ ಎದ್ದು ಒಳಗೆ ಹೋದಳು. ಬಂದ ಮೇಲೆ ಮತ್ತೆ ತೆರೆದೆ, ಯಾರದೋ ಫೋನು ಬಂತು. ಮೂರನೇ ಸಲ ಯಾರೂ ಅಡ್ಡ ಬರಲಿಲ್ಲ, ನನಗೇ ಧೈರ್ಯ ಬರಲಿಲ್ಲ. ಸಿಟ್ಟು ಕಪ್ಪಿನ ಮೇಲೋ, ನನ್ನ ಮೇಲೋ, ತಿಳಿಯಲಿಲ್ಲ.

ಅಷ್ಟರಲ್ಲಿ ಸಣ್ಣ ಮೊಮ್ಮಗ ಒಂದು ಕಪ್ಪು ಬೀಳಿಸಿದ. ಬಾಯಲ್ಲಿ ಚುರಮುರಿ ಇಟ್ಟುಕೊಂಡೇ, “ಅಜ್ಜಾ, ನಾ ಒಡದ್ನಿ” ಎಂದ. ನಾನು ಅವನ ಮೇಲೆ ಹರಿಹಾಯ್ದೆ.

“ಕೂಸಿನ ಮ್ಯಾಲೆ ಯಾಕ ಒದರ್ತೀಯೋ ತಮ್ಮಾ? ಖರೆ ಹೇಳ್ಯಾನಲ್ಲ” ಎಂದಳು ಅಕ್ಕ.

“ಬಿಡಜ್ಜಾ, ಮೊಬೈಲಿನ್ಯಾಗ ಒತ್ತಿದ್ರ ನಾಡಿದ್ದ ಇನ್ನೊಂದು ಬರ್ತೈತಿ” ಎಂದಳು ಮೊಮ್ಮಗಳು.

ನಿಮ್ಮ ಕಾಲದಲ್ಲಿ ಒಡೆದ ಕಪ್ಪು ಎರಡು ದಿನಕ್ಕೆ ಮನೆಬಾಗಿಲಿಗೆ ಬರುತ್ತದೆ. ಒಡೆದೆ ಎಂದು ಹೇಳಲು ನಿಮಗೆ ಹೆದರಿಕೆಯಿಲ್ಲ. ನಮ್ಮ ಕಾಲದಲ್ಲಿ ಕಪ್ಪಿಗಿದ್ದ ಬೆಲೆ ಹುಡುಗಿಯ ಮಾತಿಗಿರಲಿಲ್ಲ. ಆದರೆ ಕಾಲದ ಹೆಸರು ಹೇಳಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಮುದುಕನಾದ ಮೇಲೂ ನನ್ನನ್ನು ತಡೆದವರು ಯಾರು?

ಅಕ್ಕನ ಹತ್ತಿರ ಕುಳಿತು ಮೆಲ್ಲಗೆ ಹೇಳಿದೆ. ಅವಳ ಕಿವಿ ಮಂದವಾಗಿದೆ. “ಏನಂದಿ? ಜೋರಾಗಿ ಹೇಳೋ” ಎಂದಳು. ನೀವೆಲ್ಲ ನನ್ನನ್ನೇ ನೋಡಿದಿರಿ. ಓಣಿಗೆಲ್ಲ ಕೇಳುವಂತೆ ಹೇಳಿದೆ:

“ಅಕ್ಕಾ, ಅಳ್ನಾವರದಾಗ ಆ ಕಪ್ಪು ಒಡದಾಂವ ನಾನು. ಚೂರು ಗೂಡ್ಸ್ ಗಾಡ್ಯಾಗ ಒಗದೆ. ಅಪ್ಪ ನಿನಗ ಕಳ್ಳಿ ಅಂದಾಗ ಬಾಯಿ ಮುಚಗೊಂಡು ನಿಂತೆ. ನನ್ನ ತಪ್ಪಾತು ಅಕ್ಕಾ, ಹೊಟ್ಟ್ಯಾಗ ಹಾಕ್ಕೋ.”