ಜರಗನಹಳ್ಳಿಯಿಂದ ಇಟ್ಟಮಡುವಿಗೆ

ಅಮ್ಮನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ದಿನ, ಅಪ್ಪ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತು ನನ್ನಿಂದ ಆಣೆ ಮಾಡಿಸಿಕೊಂಡರು. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ನನ್ನ ತೊಡೆಯ ಮೇಲೆ ಕುಳಿತು ಬನ್ ತಿನ್ನುತ್ತಿದ್ದಳು. ಅಪ್ಪ ನನ್ನ ಕೈ ಹಿಡಿದು ಅವಳ ತಲೆಯ ಮೇಲಿಟ್ಟರು.

"ನಿಮ್ಮಮ್ಮನಿಗೆ ಹೇಳಲ್ಲ ಅಂತ ಆಣೆ ಮಾಡು. ಗೊತ್ತಾದ್ರೆ ಅವತ್ತೇ ಎದೆ ಒಡ್ಕೊಂಡು ಹೋಗ್ಬಿಡ್ತಾಳೆ."

"ಹೇಳಲ್ಲ," ಎಂದೆ. ಮಗುವಿನ ತಲೆ ಮುಟ್ಟಿದ ಮೇಲೆ ಇನ್ನೇನು ಹೇಳಲು ಬಾಯಿ ಬರುತ್ತದೆ? ನಾನು ಬಿ.ಕಾಂ. ಓದಿದವಳು, ಆಣೆಗೀಣೆ ಎಲ್ಲ ನಂಬುವುದಿಲ್ಲ ಎಂದು ಆಫೀಸಿನ ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡವಳು. ಆದರೂ ಕೈ ತೆಗೆಯುವ ಮೊದಲು ಮಗಳ ನೆತ್ತಿ ಸವರಿದೆ.

ಅಲ್ಲಿಂದ ಜರಗನಹಳ್ಳಿಯ ನಮ್ಮ ಮನೆಯಲ್ಲಿ ನಾಟಕ ಶುರುವಾಯಿತು. ಕಾಯಿಲೆಗೆ ಅಲ್ಸರ್ ಎಂದು ಹೆಸರಿಟ್ಟೆವು. ಅಮ್ಮನಿಗೆ ಇಂಗ್ಲಿಷ್ ಬಾರದು, ಆದರೆ ಕನ್ನಡ ಚೆನ್ನಾಗಿ ಓದುತ್ತಿದ್ದಳು. ಆಸ್ಪತ್ರೆಯ ಬೋರ್ಡು ಕನ್ನಡದಲ್ಲೂ ಇದ್ದದ್ದರಿಂದ ಪ್ರತಿ ಸಲವೂ ಆಟೋವನ್ನು ಹಿಂದಿನ ಗೇಟಿಗೆ ತಿರುಗಿಸುತ್ತಿದ್ದೆವು. ಔಷಧಿಗೆ ಕೂದಲು ಉದುರುತ್ತದೆ ಎಂದು ತಿಳಿದಾಗ ಅಪ್ಪ, "ಉದುರೋ ಮೊದ್ಲೇ ದೇವರಿಗೆ ಮುಡಿ ಕೊಡಿಸ್ಬಿಡೋಣ," ಎಂದರು. ಅಮ್ಮ ಸಂತೋಷವಾಗಿಯೇ ಹೋಗಿ ತಲೆ ಬೋಳಿಸಿಕೊಂಡು, ಗಂಧ ಹಚ್ಚಿಸಿಕೊಂಡು ಬಂದಳು. "ಹರಕೆ ತೀರ್ತಲ್ಲ, ಇನ್ನು ವಾಸಿಯಾಗತ್ತೆ ಬಿಡು," ಎಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಮ್ಮನ ಮನಸ್ಸಿನಲ್ಲಿ ಬಾಕಿ ಉಳಿದಿದ್ದದ್ದು ಒಂದೇ ಕೆಲಸ: ಇಟ್ಟಮಡುವಿನಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋಗುವುದು. ಅಕ್ಕತಂಗಿಯರು ಮಾತು ಬಿಟ್ಟು ಆರು ವರ್ಷವಾಗಿತ್ತು. ಕಾರಣ ನನ್ನ ಮದುವೆ. ಒಡಹುಟ್ಟಿದವಳನ್ನು ಮನೆಗೇ ಹೋಗಿ, ಕುಂಕುಮ ಇಟ್ಟು ಕರೆಯಬೇಕು. ಅಮ್ಮ ಮದುವೆಯ ಗಡಿಬಿಡಿಯಲ್ಲಿ ಲಗ್ನಪತ್ರಿಕೆಯನ್ನು ನಮ್ಮ ಮೇಲ್ಮನೆಯ ಬಾಡಿಗೆಯವರ ಕೈಯಲ್ಲಿ ಕೊಟ್ಟು ಕಳಿಸಿಬಿಟ್ಟಳು. "ಬಾಡಿಗೆಯವರ ಕೈಲಿ ಹೇಳಿಕಳ್ಸೋ ಅಷ್ಟು ಹೊರಗಿನವಳಾದ್ನಾ ನಾನು?" ಎಂದು ಚಿಕ್ಕಮ್ಮ ಮದುವೆಗೆ ಬರಲೇ ಇಲ್ಲ. ಬರದವಳ ಮನೆಗೆ ನಾನ್ಯಾಕೆ ಹೋಗಲಿ ಎಂದು ಅಮ್ಮನೂ ಸುಮ್ಮನಾದಳು. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ನನಗೂ ಅದೇ ಬಂದಿದೆ.

ಮಲಗಿದಲ್ಲಿಂದ ಅಮ್ಮನದು ದಿನವೂ ಅದೇ ಮಾತು. "ಅವಳದ್ದೇನೂ ಇಲ್ಲ ಕಣೆ, ತಪ್ಪು ನಂದೇ. ನಾನೇ ಹೋಗಿ ಕುಂಕುಮ ಇಟ್ಟು ಕರೀತೀನಿ."

"ನಾಳೆನೇ ಹೋಗೋಣ ನಡಿಯಮ್ಮ, ಆಟೋ ತರ್ತೀನಿ."

"ಈ ಬೋಳು ತಲೆ ಇಟ್ಕೊಂಡಾ? ಕಾಯಿಲೆ ಬಿದ್ಮೇಲೆ ತಂಗಿ ನೆನಪಾದ್ಲಾ ಅಂತಾಳೆ. ಒಂಚೂರು ಕೂದ್ಲು ಬರ್ಲಿ. ಅಲ್ಸರ್ ತಾನೆ, ಗೌರಿ ಹಬ್ಬದ ಹೊತ್ತಿಗೆ ಸರಿಹೋಗಲ್ವಾ?"

"ಸರಿಹೋಗತ್ತೆ," ಎನ್ನುತ್ತಿದ್ದೆ. ಹಬ್ಬದ ಹೊತ್ತಿಗೆ ನೀನು ಇರಲ್ಲ ಕಣಮ್ಮ, ಈಗಲೇ ಹೋಗಿ ಬಾ ಎಂಬ ಮಾತು ಬಾಯಿಗೆ ಬರುತ್ತಿತ್ತು. ಮಂಚದ ಪಕ್ಕದಲ್ಲೇ ಆಡುತ್ತಿದ್ದ ಮಗಳ ತಲೆ ಕಂಡು ಮಾತು ನುಂಗಿಕೊಳ್ಳುತ್ತಿದ್ದೆ. ಹೇಳಿದರೆ ಮಗಳಿಗೆ ಏನಾಗುತ್ತದೋ, ಹೇಳದಿದ್ದರೆ ಅಮ್ಮ ತಂಗಿಯನ್ನು ನೋಡದೆಯೇ ಹೋಗುತ್ತಾಳೆ. "ಆಣೆ ವಾಪಸ್ ತಗೊಳ್ಳಿ ಅಪ್ಪ," ಎಂದು ಒಂದು ಮಧ್ಯಾಹ್ನ ಟೆರೇಸಿನ ಮೇಲೆ ಜಗಳವಾಡಿದೆ. ಅಪ್ಪ ಒಣಗಿದ ಬಟ್ಟೆ ತೆಗೆಯುತ್ತಾ, "ಅದನ್ನೆಲ್ಲ ವಾಪಸ್ ತಗೊಳ್ಳೋಕಾಗತ್ತೇನಮ್ಮ," ಎಂದರು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ಒಂದು ಬೆಳಗ್ಗೆ ಕಾಫಿಗೆ ಎಬ್ಬಿಸಲು ಹೋದರೆ ಅಮ್ಮ ಏಳಲಿಲ್ಲ.

ಅಪ್ಪ ಫೋನ್ ಮಾಡಿದ ಮುಕ್ಕಾಲು ಗಂಟೆಗೆ ಚಿಕ್ಕಮ್ಮ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು, ಅಮ್ಮನ ಬೋಳು ತಲೆ ನೇವರಿಸುತ್ತಾ ಕುಳಿತಳು. ನನ್ನ ಕಡೆ ತಿರುಗಿ, "ಎಷ್ಟು ತಿಂಗಳಿಂದ?" ಎಂದಳು.

"ಎಂಟು."

ಅವಳಿಗೆ ಎಲ್ಲವನ್ನೂ ಹೇಳಿದೆ. ಮಗಳ ತಲೆ ಮುಟ್ಟಿ ಆಣೆ ಮಾಡಿದ್ದು, ಅಮ್ಮ ಕೂದಲು ಬರಲಿ ಎಂದು ಕಾದಿದ್ದು. "ನನ್ನ ಬಾಯಿ ಕಟ್ಟಿಹಾಕ್ಬಿಟ್ಟಿದ್ರು ಚಿಕ್ಕಮ್ಮ, ನಾನೇನ್ ಮಾಡ್ಲಿ?" ಎಂದೆ.

ಚಿಕ್ಕಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವಳಿಗೆ ಹೇಳ್ಬಾರ್ದು ಅಂತ ತಾನೆ ಆಣೆ?" ಎಂದು ಮೆಲ್ಲಗೆ ಕೇಳಿದಳು. "ನಂಗೂ ಹೇಳ್ಬಾರ್ದು ಅಂತ ಇತ್ತಾ?"

ಇರಲಿಲ್ಲ. ಇಟ್ಟಮಡುವಿಗೆ ನಮ್ಮ ಮನೆಯಿಂದ ಆಟೋದಲ್ಲಿ ಅರ್ಧ ಗಂಟೆ. ಎಂಟು ತಿಂಗಳಲ್ಲಿ ಯಾವ ದಿನ ಬೇಕಾದರೂ ಹೋಗಿ, ಚಿಕ್ಕಮ್ಮ, ಅಮ್ಮನಿಗೆ ಹೀಗಾಗಿದೆ, ನೀನೇ ಬಾ ಎನ್ನಬಹುದಿತ್ತು. ನನ್ನ ಮದುವೆಗೆ ಬರದವಳನ್ನು ನಾನೇ ಹೋಗಿ ಕರೆಯಬೇಕಾ ಎಂಬ ಸಿಟ್ಟು ನನ್ನೊಳಗೂ ಇತ್ತು. ಅದಕ್ಕೆ ನನ್ನಿಂದ ಯಾರೂ ಆಣೆ ಮಾಡಿಸಿಕೊಂಡಿರಲಿಲ್ಲ.