ಸ್ಕ್ರೂ ಪಕ್ಕದ ಕಪ್ಪು ಗೆರೆ

ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಅಂದ ಒಂದು ಮಾತಿಗೆ ಆಮೇಲೆ ನಾನೇ ಉತ್ತರ ಕೊಡಬೇಕಾಯಿತು. "ಹೊಸ ಮೆಷೀನು ಲೋಹದ ನೆರಳನ್ನೆಲ್ಲ ಅಳಿಸಿಬಿಡುತ್ತೆ ಅತ್ತೆ" ಎಂದಿದ್ದೆ. ಕಡಿಮೆ ಮಾಡುತ್ತೆ ಎನ್ನಬೇಕಿತ್ತು. ಭೌತಶಾಸ್ತ್ರ ಓದಿದವಳಿಗೆ ಅಷ್ಟು ಎಚ್ಚರ ಇರಬೇಕಿತ್ತು.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಚೆನ್ನೈನ ಸ್ಕ್ಯಾನ್ ಸೆಂಟರೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಮೈಲಾಪೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಅತ್ತೆಯ ಕತ್ತಿನ ಮೂಳೆಗೆ ಹಿಂದೆ ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದ್ದರು. ಈಗ ಮತ್ತೆ ಎಡಗೈ ಜುಮ್ಮೆನ್ನುತ್ತಿತ್ತು. ಹಳೆಯ ಮೆಷೀನಿನ ಚಿತ್ರದಲ್ಲಿ ಕೆಳಗಿನ ಸ್ಕ್ರೂ ಪಕ್ಕ ಒಂದು ಕಪ್ಪು ಗೆರೆ. ಸ್ಕ್ರೂ ಸಡಿಲವಾಗಿದ್ದರೆ ಇನ್ನೊಂದು ಆಪರೇಷನ್. ಗೆರೆ ಬರೀ ಚಿತ್ರದಲ್ಲಿ ಲೋಹದಿಂದ ಬೀಳುವ ನೆರಳಾಗಿದ್ದರೆ ಬೇಡ. ಯಾವುದೆಂದು ಆ ಚಿತ್ರ ನೋಡಿ ಹೇಳಲು ಡಾಕ್ಟರಿಗೂ ಆಗಲಿಲ್ಲ.

ನಮ್ಮ ಸೆಂಟರಿಗೆ ಬಂದ ಹೊಸ ಸಿ.ಟಿ. ಮೆಷೀನು ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇಗಳನ್ನು ಹಾಯಿಸುತ್ತದೆ. ಮೂಳೆಯಾಗಲಿ ಲೋಹವಾಗಲಿ ಆ ಎರಡು ಎಕ್ಸ್‌ರೇಗಳನ್ನು ಒಂದೇ ರೀತಿ ಹೀರುವುದಿಲ್ಲ. ಆ ವ್ಯತ್ಯಾಸದಿಂದ ಲೆಕ್ಕ ಹಾಕಿ, ಒಂದೇ ಒಂದು ಶಕ್ತಿಯಲ್ಲಿ ತೆಗೆದಂಥ ಚಿತ್ರ ಮಾಡಿಕೊಳ್ಳಬಹುದು. ಆ ಶಕ್ತಿಯನ್ನು ಏರಿಸಿದಂತೆ ಲೋಹದ ಸುತ್ತಲಿನ ಗೆರೆಗಳು ತೆಳುವಾಗುತ್ತವೆ. ಅತ್ತೆಯ ಸ್ಕ್ರೂ ಟೈಟಾನಿಯಮ್ಮಿನದು, ಅದಕ್ಕೆ ಇದು ಸಾಕು. ಚಿನ್ನದ ಮುಂದೆ ಈ ಲೆಕ್ಕ ಹೆಚ್ಚೇನೂ ನಡೆಯುವುದಿಲ್ಲ. ಅದನ್ನು ಮಾತ್ರ ನಾನು ಮನೆಯಲ್ಲಿ ಹೇಳಿರಲಿಲ್ಲ.

ಸ್ಕ್ಯಾನಿನ ದಿನ ಅತ್ತೆ ಓಲೆ, ಮೂಗುತಿ ಬಿಚ್ಚಿ ಮಾವನ ಕೈಗೆ ಕೊಟ್ಟರು. ಮಾಂಗಲ್ಯದ ಸರ ಕತ್ತಿನಲ್ಲೇ ಇತ್ತು.

"ಅದನ್ನೂ ತೆಗೀಬೇಕು ಅತ್ತೆ."

"ಯಾಕೆ? ನಿನ್ ಮೆಷೀನು ಅಳಿಸ್ಬಿಡುತ್ತೆ ಅಂದ್ಯಲ್ಲ?"

"ಆಪರೇಷನ್‌ಗೆ ತೆಗ್ದಿದ್ರಲ್ಲ."

"ಆವಾಗ ಅರಿಶಿನದ ಕೊಂಬು ಕಟ್ಕೊಂಡಿದ್ದೆ. ಈಗ ನಿನ್ ಮಾತು ನಂಬಿ ತರ್ಲಿಲ್ಲ. ಬರೀ ಕತ್ತಲ್ಲಿ ಇರು ಅಂತೀಯಾ?"

ಹೊರಗೆ ಮೂವರು ಕಾಯುತ್ತಿದ್ದರು. ಸರದೊಂದಿಗೇ ತೆಗೆದು, ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ತೆಗೆಯೋಣವೆಂದರೆ ಮತ್ತೆ ಅಷ್ಟೇ ವಿಕಿರಣ.

"ಹಲ್ಲಲ್ಲಿ ಕಚ್ಕೋತೀನಿ. ಎದೆ ಎಕ್ಸ್‌ರೇಗೆ ಹಾಗೇ ನಿಂತಿದ್ದೆ, ಚೆನ್ನಾಗೇ ಬಂತು."

"ಇದು ಕತ್ತು ಅತ್ತೆ. ಹಲ್ಲು ಅದರ ಮೇಲೇ ಇದೆ, ಸರ ಚಿತ್ರದೊಳಗೇ ಬರುತ್ತೆ."

"ಕಚ್ಕೊಳ್ಳಲಿ ಬಿಡಮ್ಮ" ಎಂದರು ಮಾವ, ಮೂಗುತಿಯನ್ನು ಕರ್ಚೀಫಿನಲ್ಲಿ ಗಂಟು ಹಾಕುತ್ತ. "ಹತ್ತು ನಿಮಿಷ ಊರೇ ನಿಶ್ಶಬ್ದವಾಗಿರುತ್ತೆ."

"ನೀವು ಸುಮ್ಮಾ ಇರಿ."

ಅಷ್ಟರಲ್ಲಿ ನಮ್ಮ ಹಿರಿಯ ಟೆಕ್ನಿಷಿಯನ್ ಒಳಗೆ ಬಂದರು. ತಮಿಳು ಹೆಂಗಸು, ನಿಧಾನದವರು. ಸಿರಿಂಜುಗಳ ಕೆಳಗಿನ ಡ್ರಾಯರ್ ಎಳೆದು ಪ್ಲಾಸ್ಟಿಕ್ ಕವರೊಂದನ್ನು ತೆಗೆದರು. ಅದರಲ್ಲಿ ಹಳದಿ ದಾರಗಳು, ಒಂದೊಂದಕ್ಕೂ ಒಂದು ಅರಿಶಿನದ ಕೊಂಬು. "ಮೊದಲ್ಲೇಯೇ ಕೇಟ್ಟಿರುಕ್ಕಲಾಮೇ ಮೇಡಂ" ಎಂದರು. ಮೊದಲೇ ಕೇಳಬಹುದಿತ್ತಂತೆ. ನಾಲ್ಕು ತಿಂಗಳಿಂದ ಅದೇ ಕೋಣೆಯಲ್ಲಿ ಚಿತ್ರಗಳ ಗುಣಮಟ್ಟ ಪರೀಕ್ಷಿಸುತ್ತಿದ್ದವಳು ನಾನು. ಆ ಡ್ರಾಯರನ್ನು ಒಮ್ಮೆಯೂ ತೆರೆದಿರಲಿಲ್ಲ.

ಮಾವ ಕನ್ನಡಕ ಏರಿಸಿಕೊಂಡು ದಾರ ಕಟ್ಟಿದರು. ಆಮೇಲೇ ಅತ್ತೆ ಸರ ಬಿಚ್ಚಿದ್ದು. ಎಕ್ಸ್‌ರೇಗೆ ಅರಿಶಿನದ ಕೊಂಬಿನಿಂದ ತೊಂದರೆಯೇನಿಲ್ಲ.

ಸ್ಕ್ಯಾನ್ ಮುಗಿದ ಮೇಲೆ ಪರದೆಯ ಮುಂದೆ ಕೂತು ಶಕ್ತಿಯನ್ನು ಮೆಲ್ಲಗೆ ಏರಿಸುತ್ತ ಹೋದೆ. ಕಪ್ಪು ಗೆರೆ ಮಸುಕಾಯಿತು, ಕೂದಲೆಳೆಯಷ್ಟಾಯಿತು, ಇಲ್ಲವಾಯಿತು. ಸ್ಕ್ರೂ ಸುತ್ತ ಮೂಳೆ ಒತ್ತಾಗಿ ಕೂತಿತ್ತು. ಅದನ್ನು ಹೇಳುವ ಅಧಿಕಾರ ಡಾಕ್ಟರದು, ನನ್ನದಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಆಟೋದಲ್ಲಿ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ರಸ್ತೆ ನೋಡಿದೆ.

ಮರುದಿನ ಡಾಕ್ಟರೂ ಅದನ್ನೇ ಬರೆದುಕೊಟ್ಟರು: ಸ್ಕ್ರೂ ಬಿಗಿಯಾಗಿದೆ, ಆಪರೇಷನ್ ಬೇಡ. ಮಾವ ರಿಪೋರ್ಟನ್ನು ಎರಡು ಸಲ ಓದಿ ಮಡಿಸಿಟ್ಟರು. ಅತ್ತೆಯ ಕತ್ತಿನಲ್ಲಿ ಸರವೂ ಇತ್ತು, ದಾರವೂ ಇತ್ತು. ರವಿಕೆಯ ಅಂಚಿಗೆಲ್ಲ ಅರಿಶಿನ.

"ಹಾಗಾದ್ರೆ ಕೈ ಯಾಕೆ ಜುಮ್ ಅನ್ನುತ್ತೆ?" ಎಂದು ಅತ್ತೆ ನನ್ನನ್ನು ಕೇಳಿದರು. "ಅಷ್ಟು ದೊಡ್ಡ ಮೆಷೀನು, ಅದು ಗೊತ್ತಾಗ್ಲಿಲ್ವಾ?"

ಹೇಳಲು ಬಾಯಿ ತೆರೆದೆ. ಆಮೇಲೆ ಉತ್ತರ ಕೊಡಬೇಕಾಗುವ ಇನ್ನೊಂದು ಮಾತು ಬೇಡವೆನಿಸಿ ಕಾಫಿ ಲೋಟ ಎತ್ತಿಕೊಂಡೆ.